ಅನಿಮೋನಿನ ಪಕ್ಕ ಸೀಗಡಿ: ಓದುಗರ ಪ್ರಶ್ನೆ, ನನ್ನ ಉತ್ತರ

ಮನೆಯ ಅಕ್ವೇರಿಯಂ ಕುರಿತ ಈ ಪುಟಕ್ಕೆ ಬರುವ ಪತ್ರಗಳಲ್ಲಿ ಮೀನಿನ ಪ್ರಶ್ನೆಗಳೇ ಹೆಚ್ಚು. ಈ ಸಲ ಮಾತ್ರ ಸೀಗಡಿಯದ್ದೇ ರಾಶಿ ಬಂದಿದೆ, ಅದರಲ್ಲೂ ಅನಿಮೋನಿನ ಜೊತೆ ಇಟ್ಟ ಸೀಗಡಿಯದ್ದು. ಅನಿಮೋನ್ ಎಂದರೆ ಕಲ್ಲಿಗೆ ಅಂಟಿಕೊಂಡು, ಕುಟುಕುವ ಎಳೆಗಳನ್ನು ಹೂವಿನಂತೆ ಅರಳಿಸಿಕೊಂಡಿರುವ ಕಡಲ ಪ್ರಾಣಿ. ನನಗೆ ಅದು ತುಂಬಾ ಖುಷಿ ಕೊಟ್ಟಿತು. ನಾನು ಗಂಗೊಳ್ಳಿಯಲ್ಲಿ ಹುಟ್ಟಿದವಳು. ನಮ್ಮ ಮನೆಯಲ್ಲಿ ಸೀಗಡಿಗೆ ಚಟ್ಲಿ ಎಂದೇ ಹೆಸರು. ಬುಟ್ಟಿಯಲ್ಲಿ ಬರುತ್ತಿತ್ತು, ಸಾರಿಗೆ ಹೋಗುತ್ತಿತ್ತು. ಅದು ಹೇಗೆ ನಡೆಯುತ್ತದೆ, ಮೀಸೆಯನ್ನು ಯಾವ ಕಡೆ ತಿರುಗಿಸುತ್ತದೆ, ಯಾವಾಗ ಬೆದರುತ್ತದೆ ಎಂದು ಗಮನಿಸಿ ನೋಡಿದ್ದು ಬೆಂಗಳೂರಿಗೆ ಬಂದು ಉಪ್ಪುನೀರಿನ ಟ್ಯಾಂಕ್ ಇಟ್ಟ ಮೇಲೆಯೇ. ಹನ್ನೊಂದು ವರ್ಷದಿಂದ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಆ ಗಾಜಿನ ಮುಂದೆ ಕೂರುತ್ತೇನೆ. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನದು ಹಾಗೆ ಕೂತು ಕಲಿತದ್ದು.

ಪ್ರಶ್ನೆ: ಮೇಡಂ, ನನ್ನದು ಮೂರಡಿ ಟ್ಯಾಂಕ್, ಶುರುಮಾಡಿ ಒಂದು ವರ್ಷವಾಯಿತು. ಒಂದು ಜೊತೆ ಕ್ಲೌನ್ ಮೀನು, ಎರಡು ಕ್ಲೀನರ್ ಸೀಗಡಿ (ಮೀನಿನ ಮೈಮೇಲಿನ ಹುಳ ಹೆಕ್ಕುವ ಜಾತಿ), ಸ್ವಲ್ಪ ಮೆದು ಹವಳ ಇವೆ. ಹೋದ ವಾರ, ಎಳೆಗಳ ತುದಿ ಗುಳ್ಳೆಯಂತೆ ಉಬ್ಬುವ ಬಬಲ್ ಟಿಪ್ ಅನಿಮೋನ್ ತಂದೆ. ಮೂರನೇ ದಿನ ಬೆಳಗ್ಗೆ ಎದ್ದು ನೋಡಿದರೆ ಒಂದು ಸೀಗಡಿ ಅನಿಮೋನಿನ ಬಾಯಲ್ಲಿತ್ತು. ಫೋಟೋ ಕಳಿಸಿದ್ದೇನೆ. ಮನೆಯಲ್ಲಿ ಎಲ್ಲರೂ ಅನಿಮೋನನ್ನು ವಾಪಸ್ ಕೊಟ್ಟುಬಿಡು ಅನ್ನುತ್ತಿದ್ದಾರೆ. ಉಳಿದ ಒಂದು ಸೀಗಡಿಯನ್ನು ಕಾಪಾಡುವುದು ಹೇಗೆ? (ಮೈಸೂರು)

ಉತ್ತರ: ನಿಮ್ಮ ಫೋಟೋವನ್ನು ದೊಡ್ಡದು ಮಾಡಿ ಎರಡು ಸಲ ನೋಡಿದೆ. ಮೊದಲು ನೋಡಬೇಕಾದದ್ದು ಅಲ್ಲಿರುವುದು ಸೀಗಡಿಯೋ ಬರೀ ಪೊರೆಯೋ ಎಂದು. ಪೊರೆಯಾದರೆ ಗಾಜಿನ ಹಾಗೆ ಆರಪಾರ ಕಾಣುತ್ತದೆ, ಕಣ್ಣಿನ ಜಾಗ ಖಾಲಿ ಇರುತ್ತದೆ, ಬೆನ್ನಿನಲ್ಲಿ ಸೀಳಿರುತ್ತದೆ. ಎಷ್ಟೋ ಜನ ಪೊರೆ ನೋಡಿ ಅತ್ತು, ನಾಲ್ಕು ದಿನ ಕಳೆದ ಮೇಲೆ ಕಲ್ಲಿನ ಹಿಂದಿನಿಂದ ಸೀಗಡಿ ಎದ್ದು ಬಂದದ್ದನ್ನು ನೋಡಿ ನನಗೆ ಫೋನ್ ಮಾಡಿದ್ದಾರೆ. ನಿಮ್ಮ ಫೋಟೋದಲ್ಲಿ ಇರುವುದು ಅದಲ್ಲ. ಮೈ ಬೇಯಿಸಿದ ಸೀಗಡಿಯ ಹಾಗೆ ಗುಲಾಬಿಗೆ ತಿರುಗಿ ಮಬ್ಬಾಗಿದೆ. ತಲೆಯ ಮೇಲೆ ಹಳೆಯ ಚಿಪ್ಪು ಅರ್ಧ ಬಿಟ್ಟು ಅರ್ಧ ಅಂಟಿಕೊಂಡಿದೆ. ನಿಮ್ಮ ಸೀಗಡಿ ಪೊರೆ ಕಳಚುವಾಗ ಸಿಕ್ಕಿಹಾಕಿಕೊಂಡು ಸತ್ತಿದೆ. ಅನಿಮೋನ್ ತಿಂದದ್ದು ಹೆಣವನ್ನು.

ಅದಕ್ಕೇ ನಿಮಗೆ ಫೋನ್ ಮಾಡಿ ಉಪ್ಪಿನ ಲೆಕ್ಕ ಕೇಳಿದ್ದು. ನಿಮ್ಮ ಟ್ಯಾಂಕಿನ ನೀರಿನ ಸಾಂದ್ರತೆ (ಸಿಹಿನೀರನ್ನು 1 ಎಂದಿಟ್ಟರೆ ಉಪ್ಪುನೀರಿನ ತೂಕ ಎಷ್ಟು ಎಂಬ ಲೆಕ್ಕ) ವರ್ಷವಿಡೀ 1.021 ಇತ್ತು. ಅನಿಮೋನಿಗೆ 1.026 ಬೇಕು ಎಂದು ಯಾರೋ ಹೇಳಿದರು, ನೀವು ಅದೇ ಸಂಜೆ ಅರ್ಧ ನೀರು ತೆಗೆದು ಗಟ್ಟಿ ಉಪ್ಪುನೀರು ಸೇರಿಸಿ ಅಷ್ಟಕ್ಕೆ ತಂದಿರಿ. 1.026 ಸರಿಯಾದ ಅಂಕಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಸಂಜೆಯಲ್ಲಿ ಅಲ್ಲ. ದಿನಕ್ಕೆ 0.001ಕ್ಕಿಂತ ಹೆಚ್ಚು ಏರಿಸಬಾರದು. ಆವಿಯಾದ ನೀರಿನ ಜಾಗಕ್ಕೆ ಸಿಹಿನೀರಿನ ಬದಲು ಉಪ್ಪುನೀರು ಹಾಕುತ್ತಾ ಬಂದರೆ ತಾನಾಗಿ ನಿಧಾನಕ್ಕೆ ಏರುತ್ತದೆ.

ಯಾಕೆ ಇಷ್ಟು ಹೇಳುತ್ತೇನೆಂದರೆ, ಪೊರೆ ಕಳಚುವುದನ್ನು ಒಂದೇ ಒಂದು ಸಲ ಪೂರ್ತಿ ನೋಡಿದವರು ಆಮೇಲೆ ನೀರನ್ನು ದಿಢೀರನೆ ಬದಲಾಯಿಸುವ ಧೈರ್ಯ ಮಾಡುವುದಿಲ್ಲ. ನಾನು ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡು ಕೂತಿದ್ದ ಒಂದು ರಾತ್ರಿ ಅದು ಕಣ್ಣಿಗೆ ಬಿತ್ತು. ಸೀಗಡಿ ಕಲ್ಲಿನ ಅಡಿಭಾಗಕ್ಕೆ ತಲೆಕೆಳಗಾಗಿ ಜೋತುಬಿದ್ದಿತ್ತು. ಎರಡು ದಿನದಿಂದ ಏನೂ ತಿಂದಿರಲಿಲ್ಲ. ಮೈಯನ್ನು ಒಮ್ಮೆ ಬಿಲ್ಲಿನಂತೆ ಬಾಗಿಸಿತು. ತಲೆಯ ಚಿಪ್ಪು ಮುಗಿದು ಹೊಟ್ಟೆಯ ಉಂಗುರಗಳು ಶುರುವಾಗುವಲ್ಲಿ, ಬೆನ್ನ ಮೇಲೆ, ಒಂದು ಗೆರೆ ಬಾಯಿಬಿಟ್ಟಿತು. ಆ ಸೀಳಿನಿಂದ ತಲೆಯನ್ನೂ ಕಣ್ಣನ್ನೂ ಒಂದೊಂದು ಕಾಲನ್ನೂ ಹಿಂದಕ್ಕೆ ಎಳೆದುಕೊಂಡಿತು, ಬಿಗಿಯಾದ ಕೈಗವಸಿನಿಂದ ಬೆರಳು ಬಿಡಿಸಿಕೊಂಡ ಹಾಗೆ. ಉದ್ದದ ಬಿಳಿ ಮೀಸೆಗಳು ಕೊನೆಯ ತುದಿಯವರೆಗೂ ಜಾರಿ ಬಂದವು. ಬಾಲವನ್ನು ಒಮ್ಮೆ ಝಾಡಿಸಿತು, ಹಳೆಯ ಮೈ ಕಳಚಿ ನೀರಿನಲ್ಲಿ ತೇಲಿ ಹೋಯಿತು. ಎಲ್ಲ ಕೆಲವೇ ನಿಮಿಷ. ಹೊಸ ಮೈ ನೀರು ಹೀರಿಕೊಂಡು ಹಿಗ್ಗಿ, ಆಮೇಲೆ ಗಟ್ಟಿಯಾಗಬೇಕು. ಹೊರಗಿನ ನೀರಿನಲ್ಲಿ ಉಪ್ಪು ದಿಢೀರನೆ ಏರಿದ್ದರೆ ಆ ಹೀರಿಕೊಳ್ಳುವ ಕೆಲಸವೇ ನಡೆಯುವುದಿಲ್ಲ. ಅದೂ ಅಲ್ಲದೆ ಇಂಥ ಆಘಾತವೇ ಸೀಗಡಿಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಡುವಂತೆ ಮಾಡುತ್ತದೆ. ನಿಮ್ಮ ಸೀಗಡಿಗೆ ಆದದ್ದು ಇದು.

ಈಗ ಉಳಿದಿರುವ ಸೀಗಡಿಯ ವಿಷಯ. ಬಬಲ್ ಟಿಪ್‌ನ ಜೊತೆ ಆರೋಗ್ಯವಾದ ಕ್ಲೀನರ್ ಸೀಗಡಿ ಬದುಕಬಲ್ಲದು. ನನ್ನ ಟ್ಯಾಂಕಿನಲ್ಲಿ ಆರು ವರ್ಷದಿಂದ ಎರಡೂ ಇವೆ. ಸೀಗಡಿಗೆ ಅನಿಮೋನ್ ಎಲ್ಲಿದೆ ಎಂದು ಗೊತ್ತಿರುತ್ತದೆ, ಮೀಸೆ ತಾಗಿದ ಕೂಡಲೇ ಹಿಂದಕ್ಕೆ ಹಾರುತ್ತದೆ. ಅಪಾಯ ಇರುವುದು ಪೊರೆ ಬಿಟ್ಟ ಮೇಲಿನ ಒಂದೆರಡು ದಿನ. ಆಗ ಮೈ ಮೆತ್ತಗೆ, ಹಾರುವ ಶಕ್ತಿ ಇರುವುದಿಲ್ಲ. ಅನಿಮೋನ್ ಕುಟುಕಿದರೆ ತಡೆಯಲು ಚಿಪ್ಪೂ ಇಲ್ಲ. ಹಾಗಾಗಿ ಅನಿಮೋನಿನಿಂದ ಆದಷ್ಟು ದೂರದಲ್ಲಿ, ಟ್ಯಾಂಕಿನ ಇನ್ನೊಂದು ತುದಿಯಲ್ಲಿ, ಕಲ್ಲುಗಳನ್ನು ಜೋಡಿಸಿ ಒಂದು ಕತ್ತಲೆ ಸಂದು ಮಾಡಿಕೊಡಿ. ಒಳಗೆ ಹೋಗಲು ಒಂದು ದಾರಿ, ಬರಲು ಇನ್ನೊಂದು. ಸೀಗಡಿ ತಾನೇ ಆ ಜಾಗವನ್ನು ಆರಿಸಿಕೊಳ್ಳುತ್ತದೆ. ಅದು ಎರಡು ಮೂರು ದಿನ ಕಾಣಿಸದಿದ್ದರೆ ಕಲ್ಲು ಎತ್ತಿ ಹುಡುಕಬೇಡಿ. ಈ ಒಂದು ಮಾತನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಪವರ್‌ಹೆಡ್‌ನ, ಅಂದರೆ ಟ್ಯಾಂಕಿನೊಳಗೆ ನೀರು ಹರಿಸುವ ಪಂಪಿನ, ಬಾಯಿಗೆ ಸ್ಪಂಜ್ ಹಾಕಿದ್ದೀರಾ? ಹಾಕಿಲ್ಲವಾದರೆ ಇವತ್ತೇ ಹಾಕಿ. ಹೊಸ ಅನಿಮೋನ್ ಒಂದು ಕಡೆ ನಿಲ್ಲುವುದಿಲ್ಲ. ಬೆಳಕೂ ನೀರಿನ ಸೆಳೆತವೂ ಹಿತವಾಗುವ ಜಾಗ ಸಿಗುವವರೆಗೆ ನಡೆಯುತ್ತಲೇ ಇರುತ್ತದೆ. ಪಂಪಿಗೆ ಸಿಕ್ಕಿ ಚೂರಾದರೆ ಒಂದೇ ರಾತ್ರಿಯಲ್ಲಿ ನೀರು ಕೆಟ್ಟು ಸೀಗಡಿ, ಮೀನು ಎಲ್ಲ ಹೋಗುತ್ತವೆ. ನಡೆಯುವ ದಾರಿಯಲ್ಲಿ ಸಿಕ್ಕ ಹವಳವನ್ನೆಲ್ಲ ಸುಡುತ್ತದೆ ಕೂಡ. ನಿಮ್ಮ ಮೆದು ಹವಳಗಳ ಬಗ್ಗೆ ನನಗೆ ಸೀಗಡಿಗಿಂತ ಹೆಚ್ಚು ಚಿಂತೆಯಿದೆ. ಅನಿಮೋನ್ ಒಂದು ಕಲ್ಲಿನ ಬಿರುಕಿನಲ್ಲಿ ಪಾದ ಊರಿ, ಎರಡು ಮೂರು ವಾರ ಅಲ್ಲೇ ನಿಂತ ಮೇಲೆ ಹವಳಗಳನ್ನು ಅದರ ಸುತ್ತ ಒಂದು ಗೇಣು ಬಿಟ್ಟು ಜೋಡಿಸಿ.

ಅನಿಮೋನನ್ನು ವಾಪಸ್ ಕೊಡಬೇಡಿ. ನೀವು ತಂದದ್ದು ಕಾರ್ಪೆಟ್ ಅನಿಮೋನ್ ಆಗಿದ್ದರೆ ಕೊಡಿ ಎನ್ನುತ್ತಿದ್ದೆ. ಮರಳಿನ ಮೇಲೆ ಚಾಪೆಯಂತೆ ಹರಡಿಕೊಳ್ಳುವ ಆ ಜಾತಿ, ಅದರಲ್ಲೂ ಹ್ಯಾಡೋನಿ ಎಂಬುದು, ಗಟ್ಟಿಮುಟ್ಟಾದ ಮೀನನ್ನೇ ಹಿಡಿದು ನುಂಗುತ್ತದೆ. ಬೆರಳು ತಾಗಿದರೆ ಹಲಸಿನ ಮೇಣದ ಹಾಗೆ ಅಂಟಿಕೊಳ್ಳುತ್ತದೆ. ಅದರ ಜೊತೆ ಕ್ಲೀನರ್ ಸೀಗಡಿಯನ್ನು ಮೂರಡಿ ಟ್ಯಾಂಕಿನಲ್ಲಿ ನಾನಂತೂ ಇಡುವುದಿಲ್ಲ.

ಹೊಸ ಸೀಗಡಿ ತರುವಾಗ ಹನಿ ಪದ್ಧತಿ ಬಿಡಬೇಡಿ. ಅಂಗಡಿಗಳಲ್ಲಿ ಉಪ್ಪಿನ ಖರ್ಚು ಉಳಿಸಲು, ಮೀನಿನ ಮೈಮೇಲಿನ ಹುಳ ಕಡಿಮೆಯಿರಲಿ ಎಂದು, ನೀರನ್ನು 1.018ರಿಂದ 1.020ರಲ್ಲೇ ಇಡುವ ರೂಢಿಯಿದೆ. ಮೀನು ತಡೆದುಕೊಳ್ಳುತ್ತದೆ, ಸೀಗಡಿ ತಡೆಯುವುದಿಲ್ಲ. ಸೀಗಡಿ ಬಂದ ಚೀಲದ ನೀರನ್ನು ರಿಫ್ರ್ಯಾಕ್ಟೋಮೀಟರಿನಲ್ಲಿ (ಉಪ್ಪಿನಂಶ ಅಳೆಯುವ ಉಪಕರಣ) ಅಳೆಯಿರಿ. ಸೀಗಡಿಯನ್ನು ಅದೇ ನೀರಿನ ಜೊತೆ ಬಕೆಟ್ಟಿಗೆ ಬಿಟ್ಟು, ಏರ್ ಪೈಪಿಗೆ ಸಡಿಲವಾದ ಒಂದು ಗಂಟು ಹಾಕಿ, ಟ್ಯಾಂಕಿನಿಂದ ಸೆಕೆಂಡಿಗೆ ಎರಡು ಮೂರು ಹನಿ ಬೀಳುವಂತೆ ಮಾಡಿ. ಬಕೆಟ್ಟಿನ ನೀರು ಎರಡರಷ್ಟಾದಾಗ ಅರ್ಧ ಚೆಲ್ಲಿ ಮತ್ತೆ ಹನಿಸಿ. ನನಗೆ ಎರಡು ಗಂಟೆ ಹಿಡಿಯುತ್ತದೆ. ವ್ಯತ್ಯಾಸ ಜಾಸ್ತಿಯಿದ್ದರೆ ಮೂರು. ಬಕೆಟ್ಟಿನ ನೀರನ್ನು ಟ್ಯಾಂಕಿಗೆ ಸುರಿಯದೆ ಸೀಗಡಿಯನ್ನು ಮಾತ್ರ ಲೋಟದಲ್ಲಿ ಎತ್ತಿ ಬಿಡಿ. ಬಲೆಯಲ್ಲಿ ಹಿಡಿದರೆ ಕಾಲೂ ಮೀಸೆಯೂ ಸಿಕ್ಕಿ ಮುರಿಯುತ್ತವೆ.

ಪ್ರಶ್ನೆ: ಅಕ್ಕ, ನಾನು ಬೈಂದೂರಿನವ, ದುಬೈಯಲ್ಲಿದ್ದೇನೆ. ಇಲ್ಲಿ ದಾಖಲೆ ಸಮೇತ ಕೊಂಡ ಟ್ರಾಕಿಫಿಲಿಯಾ, ಅಕಾನ್ ಹವಳಗಳಿವೆ, ಒಂದು ಬಬಲ್ ಟಿಪ್ ಇದೆ. ಕ್ಲೀನರ್ ಸೀಗಡಿ ಅವುಗಳ ಬಾಯಿಂದಲೇ ತಿಂಡಿ ಕಿತ್ತುಕೊಳ್ಳುತ್ತದೆ. ಟ್ರಾಕಿಫಿಲಿಯಾದ ಬಾಯಿ ಹರಿದಿದೆ. ಸೀಗಡಿಯನ್ನು ತೆಗೆಯಲೇ? (ದುಬೈ)

ಉತ್ತರ: ತೆಗೆಯಬೇಡ ತಮ್ಮ. ಮೊದಲು ಅದರ ಹೊಟ್ಟೆ ತುಂಬಿಸಿ ನೋಡು.

ಕ್ಲೀನರ್ ಸೀಗಡಿ ಮೀನಿನ ಮೈಮೇಲಿನ ಹುಳ ತಿಂದೇ ಬದುಕುತ್ತದೆ ಎಂದು ಅನೇಕರು ನಂಬಿ ಬೇರೆ ಏನೂ ಹಾಕುವುದಿಲ್ಲ. ಮನೆಯ ಟ್ಯಾಂಕಿನಲ್ಲಿ ಅಷ್ಟು ಹುಳ ಎಲ್ಲಿಂದ ಬರಬೇಕು? ಹಸಿದ ಸೀಗಡಿಗೆ ಮೂಗು ಬಹಳ ಚುರುಕು. ನೀನು ಹವಳದ ಮೇಲೆ ಮೈಸಿಸ್ (ತಿಂಡಿಗೆ ಹಾಕುವ, ಸೀಗಡಿಯಂಥ ಪುಟ್ಟ ಜೀವಿ) ಇಟ್ಟ ಅರ್ಧ ನಿಮಿಷದಲ್ಲಿ ಓಡಿಬಂದು, ಸಣ್ಣ ಚಿಮಟದಂಥ ಮುಂಗಾಲುಗಳನ್ನು ಬಾಯೊಳಗೆ ತೂರಿಸಿ, ನುಂಗಿದ್ದನ್ನೂ ಹೊರಗೆಳೆಯುತ್ತದೆ. ಹಾಗೆ ಎಳೆಯುವಾಗ ಹವಳದ ಮೈ ಒಳಗಿನ ಚೂಪು ಅಸ್ಥಿಗೆ ಒತ್ತಿ ಹರಿಯುತ್ತದೆ. ಆ ಗಾಯಕ್ಕೆ ಕೊಳೆರೋಗ ತಗುಲಿದರೆ ಎರಡು ಮೂರು ದಿನದಲ್ಲಿ ಬಿಳಿ ಅಸ್ಥಿ ಮಾತ್ರ ಉಳಿಯುತ್ತದೆ. ನಿನ್ನ ಟ್ರಾಕಿಫಿಲಿಯಾಕ್ಕೆ ಒಂದು ವಾರ ತಿಂಡಿ ಹಾಕಬೇಡ. ಬೆಳಕಿನಿಂದಲೇ ಅದಕ್ಕೆ ಬೇಕಾದ ಆಹಾರದ ಬಹುಪಾಲು ಸಿಗುತ್ತದೆ. ಗಾಯ ಮುಚ್ಚಲಿ.

ಆಮೇಲೆ ಹೀಗೆ ಮಾಡು. ಮೊದಲು ಟ್ಯಾಂಕಿನ ಆಚೆ ತುದಿಯಲ್ಲಿ, ಉದ್ದ ಚಿಮಟದಿಂದ ಸೀಗಡಿಯ ಕೈಗೇ ಒಂದು ದೊಡ್ಡ ತುಣುಕು ಕೊಡು. ಅದನ್ನು ಹಿಡಿದುಕೊಂಡು ಸಂದಿಗೆ ಹೋಗಿ ತಿನ್ನಲು ಕೂರುತ್ತದೆ. ಹದಿನೈದು ನಿಮಿಷ ಬಿಟ್ಟು ಹವಳಕ್ಕೆ ಹಾಕು. ನೀರಿನ ಬಾಟಲಿಯ ಮೇಲಿನ ಅರ್ಧವನ್ನು ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ, ಮುಚ್ಚಳ ತೆಗೆದು ಹವಳದ ಮೇಲೆ ಕವುಚಿಡು. ಬಾಟಲಿಯ ಬಾಯಿಯೊಳಗಿಂದ ಪಿಪೆಟ್ಟಿನಲ್ಲಿ ತಿಂಡಿ ಬಿಡು. ಅರ್ಧ ಗಂಟೆ ಹಾಗೇ ಇರಲಿ. ಸೀಗಡಿ ಬಾಟಲಿಯ ಸುತ್ತ ಸುತ್ತಿ ಸಾಕಾಗಿ ಹೋಗುತ್ತದೆ. ನನ್ನ ಹಳೆಯ ಬಾಟಲಿಯ ಅರ್ಧ ಭಾಗ ಟ್ಯಾಂಕಿನ ಪಕ್ಕದ ಮೊಳೆಗೆ ನೇತಾಡುತ್ತಲೇ ಇರುತ್ತದೆ. ಅಷ್ಟು ಉಪಯೋಗದ ಸಾಮಾನು ಬೇರೆ ಇಲ್ಲ.

ಅನಿಮೋನಿಗೆ ಎಷ್ಟು ಹಾಕುತ್ತೀಯ ಎಂದು ಬರೆದಿಲ್ಲ. ಅಂಗುಲದ ಮೀನಿನ ತುಂಡು ಹಾಕುವವರಿದ್ದಾರೆ. ಅದನ್ನು ನುಂಗಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ವಾಸನೆ ಇಡೀ ಟ್ಯಾಂಕಿಗೆ ಹರಡಿ ಸೀಗಡಿ ಅದರ ಎಳೆಗಳ ಮೇಲೇ ಏರಿಬಿಡುತ್ತದೆ. ಆಗಲೇ ಕುಟುಕು ಬೀಳುವುದು. ಅನಿಮೋನಿನ ಬಾಯಿಗಿಂತ ದೊಡ್ಡ ತುಂಡು ಬೇಡ. ವಾರಕ್ಕೊಮ್ಮೆ ಸಾಕು.

ಸೀಗಡಿ ಹವಳದ ಮೇಲೆ ಬರೀ ನಡೆದು ಹೋದರೆ, ಹವಳ ಮುದುಡಿಕೊಂಡು ಮತ್ತೆ ಅರಳಿದರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಪ್ರಶ್ನೆ: ಲೈವ್ ರಾಕ್ (ಜೀವಿಗಳು ಅಂಟಿರುವ ಸಮುದ್ರದ ಕಲ್ಲು) ಜೊತೆ ಕಂದು ಬಣ್ಣದ ಗಾಜು ಅನಿಮೋನ್ (ಐಪ್ಟೇಸಿಯಾ) ಬಂದು ಟ್ಯಾಂಕ್ ತುಂಬ ಹಬ್ಬಿದೆ. ಪೆಪ್ಪರ್‌ಮಿಂಟ್ ಸೀಗಡಿ ತಿನ್ನುತ್ತದೆ ಎಂದು ಮೂರು ತಂದೆ. ಐಪ್ಟೇಸಿಯಾ ಹಾಗೇ ಇದೆ, ಹಾಸಿನಂತೆ ಹಬ್ಬುವ, ಹವಳದಂಥ ನನ್ನ ಜೊವಾಂಥಿಡ್‌ಗಳು ಒಂದೊಂದಾಗಿ ಮಾಯವಾಗುತ್ತಿವೆ. (ಶಿವಮೊಗ್ಗ)

ಉತ್ತರ: ನಿಮ್ಮ ಮನೆಗೆ ಬಂದಿರುವುದು ಕ್ಯಾಮೆಲ್ ಸೀಗಡಿ. ನನಗೂ ಒಮ್ಮೆ ಒಂದು ಅಂಗಡಿಯಲ್ಲಿ ಪೆಪ್ಪರ್‌ಮಿಂಟ್ ಎಂದೇ ಇಂಥ ಮೂರು ಕೊಟ್ಟರು. ನಾಲ್ಕು ವರ್ಷ ಬೆಳೆಸಿದ್ದ ಹಸಿರು ಜೊವಾಂಥಿಡ್‌ಗಳ ಒಂದು ಹಾಸು ಎರಡು ವಾರದಲ್ಲಿ ಬೋಳಾಯಿತು. ಹಗಲಲ್ಲಿ ಏನೂ ಕಾಣದು, ರಾತ್ರಿ ಕೆಂಪು ಟಾರ್ಚಿನಲ್ಲಿ ನೋಡಿದಾಗ ಮೂರೂ ಅದರ ಮೇಲೇ ಕೂತಿದ್ದವು. ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ. ಆದ್ದರಿಂದ ಗುರುತು ಹಿಡಿಯುವುದನ್ನು ಬಿಡಿಸಿ ಹೇಳುತ್ತೇನೆ.

ಪೆಪ್ಪರ್‌ಮಿಂಟ್ ಸೀಗಡಿ ಅಟ್ಲಾಂಟಿಕ್ ಕಡೆಯದು, ಫ್ಲಾರಿಡಾ, ಕೆರಿಬಿಯನ್ ಸಮುದ್ರದ್ದು. ಮೈ ಆರಪಾರ, ಅದರ ಮೇಲೆ ಸಪೂರ ಕೆಂಪು ಗೆರೆಗಳು, ಬಿಳಿ ಚುಕ್ಕೆ ಇಲ್ಲ. ಕ್ಯಾಮೆಲ್ ಸೀಗಡಿ ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯದು. ದಪ್ಪ ಕೆಂಪು ಮೈ, ಅದರ ಮೇಲೆ ಬಿಳಿ ಪಟ್ಟೆಯೂ ಬಿಳಿ ಚುಕ್ಕೆಯೂ ಇರುತ್ತವೆ. ಬೆನ್ನು ಒಂಟೆಯಂತೆ ಉಬ್ಬಿರುತ್ತದೆ, ಕಣ್ಣು ದೊಡ್ಡದು. ಇನ್ನೊಂದು ಖಚಿತ ಗುರುತು ಮೂತಿಯ ಮುಂದಿನ ಮುಳ್ಳು: ಕ್ಯಾಮೆಲ್‌ನಲ್ಲಿ ಅದು ಬಾಗಿಲಿನ ತಿರುಗಣಿಯಂತೆ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಅಂಗಡಿಯಲ್ಲಿ ಐದು ನಿಮಿಷ ನಿಂತು ನೋಡಿದರೆ ಕಾಣುತ್ತದೆ. ಈ ಸೀಗಡಿ ಕೆಟ್ಟದ್ದೇನಲ್ಲ, ಮೀನು ಮಾತ್ರ ಇರುವ ಟ್ಯಾಂಕಿನಲ್ಲಿ ಸೊಗಸಾಗಿ ಗುಂಪಾಗಿ ಬದುಕುತ್ತದೆ. ಹವಳವಿರುವ ಕಡೆ ಬೇಡ. ಅಂಥ ಟ್ಯಾಂಕ್ ಇರುವವರಿಗೆ ಕೊಡಿ, ಅಥವಾ ನಿಮ್ಮ ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ (ಅದನ್ನೇ ಸಂಪ್ ಎನ್ನುವುದು) ಇಟ್ಟುಕೊಳ್ಳಿ.

ನಿಜವಾದ ಪೆಪ್ಪರ್‌ಮಿಂಟ್ ಸಿಕ್ಕರೂ ಅದರ ಮೇಲೇ ಎಲ್ಲ ಭಾರ ಹಾಕಬೇಡಿ. ಅದು ಸಣ್ಣ ಐಪ್ಟೇಸಿಯಾಗಳನ್ನು ರಾತ್ರಿ ಹೊತ್ತು ತಿನ್ನುತ್ತದೆ, ದೊಡ್ಡವನ್ನು ಮುಟ್ಟುವುದು ಅಪರೂಪ. ದೊಡ್ಡವಕ್ಕೆ ಸುಣ್ಣವೇ ಮದ್ದು. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಆರ್‌ಒ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಪಂಪ್ ನಿಲ್ಲಿಸಿ, ಸಿರಿಂಜಿನಿಂದ ನೇರ ಅದರ ಬಾಯಿಯ ಮೇಲೆ ಬಿಡಿ. ಹದಿನೈದು ನಿಮಿಷದ ಮೇಲೆ ಪಂಪ್ ಹಾಕಿ. ಒಂದು ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ, ನೀರಿನ ಪಿಎಚ್ ಏರುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ. ಚಾಕುವಿನಿಂದ ಕೆರೆಯಲು ಮಾತ್ರ ಹೋಗಬೇಡಿ. ಉಳಿದ ಒಂದು ಚೂರಿನಿಂದ ಇನ್ನೊಂದು ಹುಟ್ಟುತ್ತದೆ.

ಜೊವಾಂಥಿಡ್ ಇಟ್ಟುಕೊಂಡಿರುವುದರಿಂದ ಇದನ್ನೂ ಹೇಳಬೇಕು. ಅವುಗಳ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅವು ಅಂಟಿರುವ ಕಲ್ಲನ್ನು ಕುದಿಸಬಾರದು, ಬರಿಗೈಯಲ್ಲಿ ಕತ್ತರಿಸಬಾರದು.

ಪ್ರಶ್ನೆ: ಕ್ಲೌನ್ ಮೀನಿನ ಮೈಮೇಲೆ ಬಿಳಿ ಚುಕ್ಕೆ ಬಂದಿದೆ. ತಾಮ್ರದ ಔಷಧಿ ಕೊಟ್ಟಿದ್ದಾರೆ. ಸೀಗಡಿ, ಅನಿಮೋನ್ ಇರುವ ಟ್ಯಾಂಕಿಗೆ ಹಾಕಬಹುದೇ? (ಹುಬ್ಬಳ್ಳಿ)

ಉತ್ತರ: ಬೇಡ. ದಯವಿಟ್ಟು ಬಾಟಲಿಯ ಮುಚ್ಚಳ ತೆರೆಯಬೇಡಿ. ಸೀಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರವೇ, ನಮ್ಮ ರಕ್ತದಲ್ಲಿ ಕಬ್ಬಿಣ ಇರುವ ಹಾಗೆ. ಆದರೆ ಅದಕ್ಕೆ ಬೇಕಾದದ್ದು ಲೇಶಮಾತ್ರ. ಮೀನಿನ ರೋಗಕ್ಕೆ ಹಾಕುವ ಪ್ರಮಾಣದಲ್ಲಿ ಸೀಗಡಿ, ಅನಿಮೋನ್, ಹವಳ ಮೂರೂ ಸಾಯುತ್ತವೆ. ಕಲ್ಲೂ ಮರಳೂ ತಾಮ್ರವನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತಾ ಇರುತ್ತವೆ.

ಮೀನುಗಳನ್ನು ಹಿಡಿದು ಬೇರೆ ಟ್ಯಾಂಕಿಗೆ ಹಾಕಿ, ಔಷಧಿಯನ್ನು ಅಲ್ಲಿ ಕೊಡಿ. ಆ ಟ್ಯಾಂಕಿನಲ್ಲಿ ಕಲ್ಲು, ಮರಳು ಬೇಡ, ಒಂದೆರಡು ಪಿವಿಸಿ ಪೈಪಿನ ತುಂಡು ಸಾಕು. ದೊಡ್ಡ ಟ್ಯಾಂಕನ್ನು ಮೀನಿಲ್ಲದೆ 76 ದಿನ ಬಿಡಿ. ಆ ರೋಗದ ಜೀವಿ ಸೀಗಡಿಯ ಮೇಲಾಗಲೀ ಹವಳದ ಮೇಲಾಗಲೀ ಬದುಕುವುದಿಲ್ಲ, ಮೀನು ಸಿಗದೆ ತಾನೇ ನಶಿಸುತ್ತದೆ. ಎರಡೂವರೆ ತಿಂಗಳು ಮೀನಿಲ್ಲದ ಟ್ಯಾಂಕ್ ನೋಡಲು ಬೇಸರವಾಗುತ್ತದೆ, ನಿಜ. ಆ ದಿನಗಳಲ್ಲೇ ನಾನು ಸೀಗಡಿಗಳನ್ನು ಸರಿಯಾಗಿ ನೋಡಲು ಕಲಿತದ್ದು.

ಪ್ರಶ್ನೆ: ಒಂದೇ ರಾತ್ರಿಯಲ್ಲಿ ನಾಲ್ಕು ಸೀಗಡಿಗಳೂ ಸತ್ತವು. ಮೀನು, ಹವಳ, ಅನಿಮೋನ್ ಚೆನ್ನಾಗಿವೆ. ಉಪ್ಪು, ಅಮೋನಿಯಾ ಎಲ್ಲ ಸರಿಯಿದೆ. (ಬೆಂಗಳೂರು)

ಉತ್ತರ: ಮಿಕ್ಕವೆಲ್ಲ ಚೆನ್ನಾಗಿದ್ದು ಸೀಗಡಿ, ಏಡಿ ಮಾತ್ರ ಒಟ್ಟಿಗೆ ಸತ್ತರೆ ನಾನು ಮೊದಲು ಕೇಳುವುದು ಕೀಟನಾಶಕದ ಬಗ್ಗೆ. ಸೀಗಡಿ ಹುಳುಗಳ ದೂರದ ನೆಂಟ; ಜಿರಲೆಯನ್ನೂ ಸೊಳ್ಳೆಯನ್ನೂ ಕೊಲ್ಲುವುದು ಅದನ್ನೂ ಕೊಲ್ಲುತ್ತದೆ, ಅದೂ ಬಹಳ ಕಡಿಮೆ ಪ್ರಮಾಣದಲ್ಲಿ. ಟ್ಯಾಂಕ್ ಇರುವ ಕೋಣೆಯಲ್ಲಿ ರಾತ್ರಿ ಸೊಳ್ಳೆಯ ಲಿಕ್ವಿಡ್ ಮೆಷಿನ್ ಉರಿಯುತ್ತಿತ್ತೇ? ಅಡುಗೆಮನೆಗೆ ಜಿರಲೆಯ ಸ್ಪ್ರೇ ಹೊಡೆದಿರಾ? ನಾಯಿಗೆ ಉಣ್ಣಿಯ ಔಷಧಿ ಹಚ್ಚಿ ಅದೇ ಕೈಯನ್ನು ಟ್ಯಾಂಕಿಗೆ ಹಾಕಿದಿರಾ? ಏರ್ ಪಂಪ್ ಕೋಣೆಯ ಗಾಳಿಯನ್ನು ಎಳೆದು ಎಳೆದು ನೀರಿಗೆ ಕಲಸುತ್ತದೆ ಎನ್ನುವುದು ನಮಗೆ ಹೊಳೆಯುವುದೇ ಇಲ್ಲ. ನಮ್ಮ ಮನೆಯಲ್ಲಿ ಟ್ಯಾಂಕ್ ಬಂದ ಮೇಲೆ ಎಲ್ಲ ಕಿಟಕಿಗೂ ಸೊಳ್ಳೆ ಜಾಲರಿ ಹಾಕಿಸಿದೆವು, ಮಲಗುವಾಗ ಸೊಳ್ಳೆಪರದೆ ಕಟ್ಟಿಕೊಳ್ಳುತ್ತೇವೆ.

ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಒಂದು ವಾರದಲ್ಲಿ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ನೀರು ಬದಲಿಸಿ. ಒಂದು ತಿಂಗಳು ಹೊಸ ಸೀಗಡಿ ಬೇಡ. ತರುವಾಗ ಮೊದಲು ಒಂದೇ ತನ್ನಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ನೀರು ಇಳಿದಾಗ ಮಲ್ಪೆ ಕಡೆಯ ಬಂಡೆಗಳ ಗುಂಡಿಯಲ್ಲಿ ಅನಿಮೋನ್, ಸಣ್ಣ ಸೀಗಡಿ ಕಾಣುತ್ತವೆ. ಅಲ್ಲಿಂದಲೇ ತಂದು ಸಾಕಬಹುದೇ? ಹವಳದ ಚೂರು ಸಿಕ್ಕರೆ ಇಟ್ಟುಕೊಳ್ಳಬಹುದೇ? ಅನಿಮೋನಿನ ಒಳಗೇ ವಾಸಿಸುವ ಸೀಗಡಿ ಇದೆಯಂತೆ, ಹೌದೇ? (ಉಡುಪಿ)

ಉತ್ತರ: ಹವಳದ ಮಾತನ್ನು ಮೊದಲು ಮುಗಿಸುತ್ತೇನೆ ಮಗಳೇ, ಯಾಕೆಂದರೆ ಇದು ಗೊತ್ತಿಲ್ಲದೆ ಒಳ್ಳೆಯ ಹುಡುಗರು ತೊಂದರೆಗೆ ಸಿಕ್ಕಿದ್ದಾರೆ. ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲವನ್ನೂ, ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂಥ ಗೊರ್ಗೋನಿಯನ್‌ಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿಸಿದರು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ನೇತ್ರಾಣಿಯಲ್ಲಿ ಡೈವಿಂಗ್ ಹೋದಾಗ ಹವಳದ ಚೂರು ಕಂಡರೆ ನೋಡಿ ಖುಷಿಪಟ್ಟು ಅಲ್ಲೇ ಬಿಡು.

ಬಂಡೆಯ ಅನಿಮೋನನ್ನೂ ಕೀಳಬೇಡ. ಅದರ ಪಾದ ಕಲ್ಲಿಗೆ ಎಷ್ಟು ಬಿಗಿಯಾಗಿ ಕಚ್ಚಿರುತ್ತದೆಂದರೆ, ಎಬ್ಬಿಸುವಾಗ ಹರಿಯುವುದೇ ಹೆಚ್ಚು. ಪಾದ ಹರಿದ ಅನಿಮೋನ್ ಟ್ಯಾಂಕಿನಲ್ಲಿ ಕೊಳೆತು ಸಾಯುತ್ತದೆ. ಅದಕ್ಕಿಂತ ಅಲ್ಲೇ ಕೂತು ನೋಡು; ನೀನಿರುವ ಜಾಗದ ಭಾಗ್ಯ ಬೆಂಗಳೂರಿನಲ್ಲಿ ಕೂತ ನನಗಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಿನ ದಿನಗಳಲ್ಲಿ ಇಳಿತ ಜೋರಾಗಿರುತ್ತದೆ. ಆಗ ಹೋಗಿ ಒಂದೇ ಗುಂಡಿಯ ಪಕ್ಕ ಕೂತುಕೋ, ನಿನ್ನ ನೆರಳು ನೀರಿಗೆ ಬೀಳದ ಹಾಗೆ. ಹತ್ತು ನಿಮಿಷ ಅಲುಗಾಡಬೇಡ. ಸೀಗಡಿಗಳು ಒಂದೊಂದಾಗಿ ಹೊರಬರುತ್ತವೆ. ನಾನು ಚಿಕ್ಕವಳಿದ್ದಾಗ ಅದೇ ಕರಾವಳಿಯಲ್ಲಿ ಅಪ್ಪನ ದೋಣಿಗೆ ಕಾಯುತ್ತಾ ನಿಂತವಳು, ಒಂದು ದಿನವೂ ಹಾಗೆ ಬಗ್ಗಿ ನೋಡಲಿಲ್ಲ.

ಅನಿಮೋನಿನಲ್ಲೇ ವಾಸಿಸುವ ಸೀಗಡಿ ಇದೆ, ನಮ್ಮ ಅರಬ್ಬೀ ಸಮುದ್ರದಲ್ಲೇ, ಲಕ್ಷದ್ವೀಪದಲ್ಲಿ. ಒಂದಕ್ಕೆ ಆನ್ಸಿಲೋಕ್ಯಾರಿಸ್ ಬ್ರೆವಿಕಾರ್ಪಾಲಿಸ್ ಎಂಬ ಉದ್ದನೆಯ ಹೆಸರು. ಮೈ ಗಾಜಿನಂತೆ, ಅದರ ಮೇಲೆ ಬಿಳಿ ಮಚ್ಚೆಗಳು, ಬಾಲದಲ್ಲಿ ಕಪ್ಪಂಚಿನ ಕಿತ್ತಳೆ ಚುಕ್ಕೆಗಳು. ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಇದಕ್ಕೂ ಅನಿಮೋನಿನ ಕುಟುಕಿನಿಂದ ರಕ್ಷಣೆ ಸುಮ್ಮನೆ ಬರುವುದಿಲ್ಲ. ಕೆಲವು ದಿನ ದೂರವಿಟ್ಟು ಮತ್ತೆ ಅನಿಮೋನಿನ ಹತ್ತಿರ ಬಿಟ್ಟರೆ ನೋಡಬೇಕು: ಚಿಮಟದ ತುದಿಯಿಂದ ಒಂದು ಎಳೆಯನ್ನು ಮುಟ್ಟುತ್ತದೆ, ಕೈ ಸುಟ್ಟ ಹಾಗೆ ಹಿಂದಕ್ಕೆ ಹಾರುತ್ತದೆ. ಮತ್ತೆ ಬರುತ್ತದೆ, ಈ ಸಲ ಕಾಲು ತಾಗಿಸುತ್ತದೆ, ಬಾಲ ತಾಗಿಸುತ್ತದೆ, ಮತ್ತೆ ಹಿಂದಕ್ಕೆ. ಹೀಗೆ ಗಂಟೆಗಟ್ಟಲೆ. ಕೊನೆಗೆ ಎಳೆಗಳ ನಡುವೆ ಹೋಗಿ ಕೂತುಬಿಡುತ್ತದೆ, ಅನಿಮೋನ್ ಸುಮ್ಮನಿರುತ್ತದೆ. ಆದರೆ ಹೊಟ್ಟೆಗೆ ಸಾಲದಿದ್ದರೆ ಈ ಸೀಗಡಿ ತಾನಿರುವ ಅನಿಮೋನಿನ ಎಳೆಯ ತುದಿಯನ್ನೇ ಚಿವುಟಿ ತಿನ್ನುತ್ತದೆ. ಆದ್ದರಿಂದ ಅನಿಮೋನ್ ದೊಡ್ಡದಿರಬೇಕು, ಸೀಗಡಿಗೆ ದಿನಾ ತಿಂಡಿ ಸಿಗಬೇಕು.

ಇನ್ನೊಂದು ಥಾರ್ ಜಾತಿಯ ಪುಟ್ಟ ಸೀಗಡಿ, ಅಂಗಡಿಯಲ್ಲಿ ಸೆಕ್ಸಿ ಶ್ರಿಂಪ್ ಎನ್ನುತ್ತಾರೆ. ಬೆರಳಿನ ಒಂದು ಗೆಣ್ಣಿಗಿಂತ ಚಿಕ್ಕದು, ಬಾಲವನ್ನು ಮೇಲಕ್ಕೆತ್ತಿ ತೂಗುತ್ತಲೇ ಇರುತ್ತದೆ. ನಾಲ್ಕೈದು ಒಟ್ಟಿಗಿದ್ದರೆ ಧೈರ್ಯವಾಗಿರುತ್ತವೆ. ಸಣ್ಣ ಟ್ಯಾಂಕಿಗೆ ಇದೇ ಸರಿ.

ನೀನು ಓದುತ್ತಿರುವುದು ಪ್ರಾಣಿಶಾಸ್ತ್ರವಾಗಿದ್ದರೆ ಇದನ್ನೂ ತಿಳಿದುಕೋ. ಕೇಂದ್ರ ಸರ್ಕಾರದ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ, ಎನ್‌ಬಿಎಫ್‌ಜಿಆರ್ ಎನ್ನುತ್ತಾರಲ್ಲ, ಅವರು ಲಕ್ಷದ್ವೀಪದ ಅಗತ್ತಿಯಲ್ಲಿ ಇಂಥ ಅಲಂಕಾರಿಕ ಸೀಗಡಿಗಳಿಂದ ತೊಟ್ಟಿಯಲ್ಲೇ ಮರಿ ಮಾಡಿಸಿ, ಬೆಳೆಸುವುದನ್ನು ದ್ವೀಪದ ಹೆಂಗಸರಿಗೆ ಕಲಿಸಿದ್ದಾರೆ. ಸಮುದ್ರದಿಂದ ಬಾಚಿ ತಂದ ಸೀಗಡಿಗಿಂತ ಹಾಗೆ ತೊಟ್ಟಿಯಲ್ಲಿ ಹುಟ್ಟಿದ್ದು ಗಟ್ಟಿ, ಟ್ಯಾಂಕಿನ ತಿಂಡಿಯೂ ಅದಕ್ಕೆ ರೂಢಿಯಾಗಿರುತ್ತದೆ. ಕೊಳ್ಳುವಾಗ ಎಲ್ಲಿಂದ ಬಂತು ಎಂದು ಕೇಳು. ನಾಲ್ಕು ಜನ ಕೇಳಿದರೆ ಅಂಗಡಿಯವರೂ ಅಂಥದ್ದನ್ನು ತರಿಸುತ್ತಾರೆ.

ಪ್ರಶ್ನೆ: ಪಿಸ್ತೂಲು ಸೀಗಡಿ ಟಪ್ ಟಪ್ ಎಂದು ಸದ್ದು ಮಾಡುತ್ತದೆ. ಗಾಜು ಒಡೆಯುತ್ತದೆಯೇ? (ಮಂಗಳೂರು)

ಉತ್ತರ: ಒಡೆಯುವುದಿಲ್ಲ. ಅದರ ದೊಡ್ಡ ಚಿಮಟ ಫಟ್ಟನೆ ಮುಚ್ಚಿದಾಗ ನೀರಿನಲ್ಲಿ ಒಂದು ಗುಳ್ಳೆಯೆದ್ದು ಒಡೆಯುತ್ತದೆ, ಆ ಸದ್ದು ಅದು. ಗಾಜಿಗಿಂತ ನಿಮ್ಮ ಹವಳದ ಕಲ್ಲಿನ ಬಗ್ಗೆ ಎಚ್ಚರವಿರಲಿ. ಈ ಸೀಗಡಿ ಗೋಬಿ ಎಂಬ ಮೀನಿನ ಜೊತೆಗಿದ್ದು ದಿನವಿಡೀ ಮರಳಿನಡಿ ಸುರಂಗ ತೋಡುತ್ತದೆ. ಮರಳಿನ ಮೇಲೆ ಕೂರಿಸಿದ ಕಲ್ಲು ಒಂದು ದಿನ ಕುಸಿದು ಸೀಗಡಿಯ ಮೇಲೋ ಅನಿಮೋನಿನ ಮೇಲೋ ಬೀಳುತ್ತದೆ. ಕಲ್ಲನ್ನು ಮೊದಲು ಗಾಜಿನ ತಳಕ್ಕೇ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ.